ಭೀಮಾ ಕಣಿವೆಯ ಹೊಲಗಳು ಮತ್ತು ಪರೀಕ್ಷಾ ಕಂದಕ

ಕರ್ನಾಟಕದ ಪ್ರಾಗಿತಿಹಾಸವನ್ನು ಕುರಿತು ಅಭ್ಯಾಸ ಮಾಡುವವರು ಭೀಮಾ ನದಿಯ ಮೇಲ್ಕಣಿವೆಯನ್ನು ಅಲಕ್ಷಿಸುವಂತಿಲ್ಲ. ಪುಣೆ ಜಿಲ್ಲೆಯ ದೌಂಡದ ಬಳಿ ಹರಿಯುವ ಈ ನದಿಯೇ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ಕೃಷ್ಣೆಯನ್ನು ಕೂಡುತ್ತದೆ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಜೋರ್ವೆ ಮಾದರಿಯ ಮಡಕೆಗಳು ದೊರೆತವು. ಕನ್ನಡ ನಾಡಿನ ನವಶಿಲಾಯುಗದ ಜನರಿಗೂ ಮಹಾರಾಷ್ಟ್ರದ ತಾಮ್ರಶಿಲಾಯುಗದ ಕೃಷಿಕರಿಗೂ ಸಂಪರ್ಕವಿದ್ದುದಕ್ಕೆ ಇದು ಸಾಕ್ಷಿ. ಆದುದರಿಂದ ದೌಂಡ ಪರಿಸರದ ಹೊಲಗಳಲ್ಲಿ ನಾಶವಾಗುವ ಆಧಾರ ನಮ್ಮ ಇತಿಹಾಸದ ಆಧಾರವೂ ಹೌದು.

ಈ ಭಾಗದ ರೈತರು ನೆಲವನ್ನು ಎರಡಾಗಿ ಗುರುತಿಸುತ್ತಾರೆ. ಉಳುವ ಕರಿಮಣ್ಣು ‘ಕಾಳಿ’, ಜನ ವಾಸಿಸಿದ ಬಿಳಿಮಣ್ಣು ‘ಪಾಂಢರಿ’. ನಮ್ಮಲ್ಲಿ ಹಾಳೂರು ದಿಬ್ಬ ಎನ್ನುವುದು ಈ ಎರಡನೆಯದನ್ನೇ. ಶತಮಾನಗಳ ಬೂದಿ, ಸಗಣಿ, ಕುಸಿದ ಮಣ್ಣುಗೋಡೆಗಳು ಸೇರಿ ಆದ ಈ ಮಣ್ಣು ಒಳ್ಳೆಯ ಗೊಬ್ಬರ. ಹೀಗಾಗಿ ದಿಬ್ಬಗಳು ಮೊದಲಿನಿಂದಲೂ ಸವೆಯುತ್ತ ಬಂದಿವೆ. ಆದರೆ ಅಂದಿನ ಸವೆತ ನಿಧಾನವಾದುದು. ರೈಲ್ವೆ ಜಂಕ್ಷನ್ನಿನ ಸುತ್ತ, ಪುಣೆ–ಸೊಲ್ಲಾಪುರ ಹೆದ್ದಾರಿಯ ಇಕ್ಕೆಲಗಳಲ್ಲಿ ಬಡಾವಣೆಗಾಗಿ ನೆಲ ಸಮತಟ್ಟುಗೊಳಿಸುವ ಯಂತ್ರಕ್ಕೆ ಮೂರು ಸಾವಿರ ವರ್ಷಗಳ ಸ್ತರವನ್ನು ಅಳಿಸಲು ಒಂದು ದಿನ ಸಾಕು.

ಇಂಥ ದಿಬ್ಬದಲ್ಲಿ ಏನಿರಬಹುದೆಂಬುದಕ್ಕೆ ದೌಂಡದ ನೆರೆಯ ಶಿರೂರು ತಾಲ್ಲೂಕಿನ ಇನಾಮ್‌ಗಾಂವ್ ಉತ್ತರ ನೀಡುತ್ತದೆ. ಭೀಮೆಯ ಉಪನದಿ ಘೋಡ್ ದಂಡೆಯ ಈ ನೆಲೆಯನ್ನು ಡೆಕ್ಕನ್ ಕಾಲೇಜು 1968ರಿಂದ 1983ರವರೆಗೆ ಶೋಧಿಸಿತು. ಎಚ್. ಡಿ. ಸಾಂಕಳಿಯಾ, ಎಂ. ಕೆ. ಧವಳೀಕರ್ ಮತ್ತು ಝಡ್. ಡಿ. ಅನ್ಸಾರಿ ಇದರ ಹೊಣೆ ಹೊತ್ತಿದ್ದರು. ಕ್ರಿ. ಪೂ. ಸುಮಾರು 1600ರಿಂದ 700ರವರೆಗಿನ ಮಾಳವ, ಪೂರ್ವ ಜೋರ್ವೆ, ಉತ್ತರ ಜೋರ್ವೆ ಎಂಬ ಮೂರು ಹಂತಗಳು ಅಲ್ಲಿ ಸ್ಪಷ್ಟವಾದವು. ನೂರಕ್ಕೂ ಮಿಕ್ಕಿದ ಮನೆಗಳು, ಮನೆಯೊಳಗೇ ಹೂಳಿದ ಶಿಶುಗಳ ಜೋಡಿ ಕುಂಭಗಳು, ಐದು ಕೋಣೆಗಳ ಮುಖ್ಯಸ್ಥನ ಮನೆ, ಅದರ ಪಕ್ಕದ ಕಣಜ, ನೀರಾವರಿ ಕಾಲುವೆ ಇವೆಲ್ಲ ಬೆಳಕಿಗೆ ಬಂದವು. ಯಾವ ರಾಜಶಾಸನವೂ ಹೇಳದ ರೈತನ ಚರಿತ್ರೆ ಇದು.

ಪರೀಕ್ಷಾ ಕಂದಕದ ಶಕ್ತಿಯನ್ನೂ ಮಿತಿಯನ್ನೂ ಇದೇ ನೆಲೆ ತಿಳಿಸುತ್ತದೆ. ಕಿರಿದಾದ ಕಂದಕವು ಸ್ತರಗಳ ಅನುಕ್ರಮವನ್ನು, ವಸತಿಯ ಕಾಲವನ್ನು ತೋರಿಸಬಲ್ಲದು. ಆದರೆ ಚೌಕ ಮನೆಗಳು ಹಿಂದೆ ಸರಿದು ಉತ್ತರ ಜೋರ್ವೆ ಕಾಲದಲ್ಲಿ ದುಂಡು ಗುಡಿಸಲುಗಳು ಬಂದುದನ್ನು, ಮುಖ್ಯಸ್ಥನ ಮನೆ ಕಣಜಕ್ಕೆ ಹೊಂದಿಕೊಂಡಿದ್ದುದನ್ನು ತಿಳಿಯಲು ವಿಶಾಲವಾದ ಸಮತಲ ಉತ್ಖನನವೇ ಬೇಕಾಯಿತು. ಒಂದು ಕಂದಕದಲ್ಲಿ ಏನೂ ಸಿಗದಿದ್ದ ಮಾತ್ರಕ್ಕೆ ಹೊಲದಲ್ಲಿ ಏನೂ ಇಲ್ಲವೆಂದು ತೀರ್ಮಾನಿಸಲಾಗದು. ಎಲ್ಲಿ ವಿಸ್ತಾರವಾಗಿ ಅಗೆಯಬೇಕು, ಎಲ್ಲಿ ಮನೆ ಕಟ್ಟಬಹುದು ಎಂಬ ನಿರ್ಣಯಕ್ಕೆ ನೆರವಾಗುವುದೇ ಅದರ ಪ್ರಯೋಜನ.

ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿಯೊಂದು ಇಂಥ ಪರೀಕ್ಷೆಯನ್ನು ನಿರ್ಮಾಣದ ಅನುಮತಿಗೆ ಮುಂಚಿನ ಹಂತವಾಗಿಸಿತು. ಅದರ ಜಾಗದಲ್ಲಿ ಬೇರೆ ದಾಖಲೆಗಳು ಬಂದಿದ್ದರೂ ತತ್ತ್ವ ಉಳಿದಿದೆ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಮತ್ತು ಅದರ 2010ರ ತಿದ್ದುಪಡಿ ಬೇರೆ ಬಗೆಯವು. ಘೋಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. ಪಟ್ಟಿಯಲ್ಲಿ ಹೆಸರಿಲ್ಲದ ದಿಬ್ಬಕ್ಕೆ ಈ ರಕ್ಷಣೆ ತಲುಪದು. ಹೊಲವನ್ನು ಬಡಾವಣೆಯಾಗಿಸುವ ಮುನ್ನ ಪುರಾತತ್ತ್ವ ಪರೀಕ್ಷೆ ಕಡ್ಡಾಯವೆಂಬ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ.

ಮನೆಗಳು ಬೇಡವೆಂದು ಯಾರೂ ಹೇಳಲಾರರು. ಹೊಲ ಮಾರಿದ ರೈತನಿಗೂ ನಿವೇಶನ ಕೊಂಡ ನೌಕರನಿಗೂ ಅವರವರ ಅಗತ್ಯಗಳುಂಟು. ನದೀತೀರದ ಗ್ರಾಮಗಳಲ್ಲಿ ಬಿಳಿಮಣ್ಣಿನ ನೆಲಗಳನ್ನು ಮೊದಲೇ ಗುರುತಿಸಿ ನಕ್ಷೆಯಲ್ಲಿ ದಾಖಲಿಸುವುದು, ಅಂಥಲ್ಲಿ ಮಾತ್ರ ಯಂತ್ರಕ್ಕೆ ಮುನ್ನ ಪರವಾನಗಿ ಪಡೆದ ತಜ್ಞರಿಂದ ಕಂದಕ ತೆಗೆಸುವುದು ದುಸ್ಸಾಧ್ಯವಲ್ಲ. ಮಡಕೆ ಚೂರುಗಳನ್ನು ಗುರುತಿಸಬಲ್ಲವರು ಮರಾಠಿ, ಕನ್ನಡ ಎರಡೂ ಸೀಮೆಗಳ ವಿಶ್ವವಿದ್ಯಾನಿಲಯಗಳಲ್ಲಿದ್ದಾರೆ. ಅಗೆದ ಮೇಲೆ ಮತ್ತೆ ಓದಲಾಗದ ಗ್ರಂಥ ಭೂಮಿ. ತಳಪಾಯ ಬೀಳುವ ಮುನ್ನ ಅದನ್ನು ಒಮ್ಮೆಯಾದರೂ ಓದುವುದು ಭೀಮಾ ಕಣಿವೆಯ ಸಂಶೋಧಕರೆಲ್ಲರ ಸಮಾನ ಕರ್ತವ್ಯ.