ಕಣ್ಣಿಗೆ ಬಿಡುವ ಹನಿ: ವಿಷದ ಕಾಳಿನಿಂದ ಇಂಜೆಕ್ಷನ್ನಿನವರೆಗೆ

ಪಶ್ಚಿಮ ಆಫ್ರಿಕಾದ ಕಲಬಾರ್ ಎಂಬಲ್ಲಿ ಎಫಿಕ್ ಜನರ ನಡುವೆ ಒಂದು ಕ್ರೂರ ಪದ್ಧತಿಯಿತ್ತು. ಮಾಟ ಮಾಡಿದ ಆರೋಪ ಹೊತ್ತವರಿಗೆ ಒಂದು ಬಗೆಯ ಕಾಡುಕಾಳನ್ನು ಅರೆದು ಕುಡಿಸುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಸ್ಕಾಟ್ಲೆಂಡಿನ ಮಿಶನರಿಗಳ ಮೂಲಕ ಆ ಕಾಳು ಎಡಿನ್‌ಬರೋ ತಲುಪಿತು. ಅಲ್ಲಿನ ವಿಷತಜ್ಞ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ತಾನೇ ಒಂದು ಚೂರು ತಿಂದು ನೋಡಿದರು. ಪ್ರಾಣಕ್ಕೇ ಕುತ್ತು ಬಂತು ಅನ್ನಿಸಿದಾಗ ಕ್ಷೌರಕ್ಕೆಂದು ಇಟ್ಟುಕೊಂಡಿದ್ದ ಸೋಪಿನ ನೀರನ್ನು ಕುಡಿದು ವಾಂತಿ ಮಾಡಿಕೊಂಡು ಉಳಿದರು. ಕೆಲವು ವರ್ಷಗಳ ನಂತರ ಅದೇ ಊರಿನ ಥಾಮಸ್ ಫ್ರೇಸರ್ ಈ ಕಾಳಿನ ಸಾರ ಕಣ್ಣಿನ ಪಾಪೆಯನ್ನು ಕಿರಿದಾಗಿಸುತ್ತದೆ ಎಂದು ಗಮನಿಸಿದರು. 1863ರಲ್ಲಿ ಆರ್ಗೈಲ್ ರಾಬರ್ಟ್‌ಸನ್ ಅದನ್ನು ತಮ್ಮ ಕಣ್ಣಿಗೇ ಹಾಕಿಕೊಂಡು ಖಾತ್ರಿ ಮಾಡಿಕೊಂಡರು. 1876ರಲ್ಲಿ ಸ್ಟ್ರಾಸ್‌ಬರ್ಗಿನ ಲುಡ್ವಿಗ್ ಲಾಕ್ವೆರ್ ಅದೇ ಸಾರವನ್ನು, ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಗ್ಲಾಕೋಮಾಕ್ಕೆ ಬಳಸಿದರು. ಲಾಕ್ವೆರ್ ಅವರಿಗೇ ಗ್ಲಾಕೋಮಾ ಇತ್ತು. ಆ ಕಾಯಿಲೆಗೆ ಔಷಧಿ ಎಂಬುದು ಸಿಕ್ಕಿದ್ದು ಹಾಗೆ.

ಅದಕ್ಕೆ ಮೊದಲು ಕಣ್ಣಿಗೆ ಔಷಧಿಯೇ ಇರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಎಣಿಸುತ್ತದೆ. ಕಣ್ಣಿಗೆ ಹನಿ ಬಿಡುವ ಆಶ್ಚ್ಯೋತನವನ್ನೂ ಹಚ್ಚುವ ಅಂಜನವನ್ನೂ ಹೇಳುತ್ತದೆ. ನಮ್ಮ ಮನೆಗಳಲ್ಲಿ ನಂದಿಬಟ್ಟಲು ಹೂವು, ಹರಳೆಣ್ಣೆ, ಎದೆಹಾಲು ಎಲ್ಲವೂ ಕಣ್ಣಿಗೆ ಬಿದ್ದಿವೆ, ಇಂದಿಗೂ ಬೀಳುತ್ತಿವೆ. ಆದರೆ ಯಾವ ಪದಾರ್ಥ, ಎಷ್ಟು ಪ್ರಮಾಣ, ಕಣ್ಣಿನ ಯಾವ ಭಾಗದ ಮೇಲೆ ಏನು ಮಾಡುತ್ತದೆ ಎಂದು ಅಳೆದು ನೋಡುವ ಕಾಲ ಶುರುವಾಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಗಿಡಗಳ ವಿಷವನ್ನು ಬೇರ್ಪಡಿಸಲು ಕಲಿತ ಮೇಲೆ. ಬೆಲಡೋನಾ ಗಿಡದಿಂದ 1830ರ ದಶಕದಲ್ಲಿ ಅಟ್ರೋಪಿನ್ ಸಿಕ್ಕಿತು; ಅದು ಪಾಪೆಯನ್ನು ಅಗಲಿಸುತ್ತದೆ. ಬ್ರೆಜಿಲಿನ ಜಬೊರಾಂಡಿ ಎಲೆಯಿಂದ 1875ರಲ್ಲಿ ಪೈಲೋಕಾರ್ಪಿನ್ ಸಿಕ್ಕಿತು. ಅದು ಕಲಬಾರಿನ ಕಾಳಿನಂತೆ ಪಾಪೆಯನ್ನು ಕಿರಿದಾಗಿಸುತ್ತದೆ.

ಆ ಶತಮಾನದ ಇನ್ನೆರಡು ಘಟನೆಗಳನ್ನು ಬಿಡುವಂತಿಲ್ಲ. ಲೈಪ್‌ಜಿಗ್‌ನ ಹೆರಿಗೆ ವೈದ್ಯ ಕಾರ್ಲ್ ಕ್ರೆಡೆ 1880ರ ಸುಮಾರಿಗೆ ಹುಟ್ಟಿದ ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ತೊಟ್ಟು ಬಿಡತೊಡಗಿದರು. ತಾಯಿಯಿಂದ ತಗಲುವ ಗೊನೋರಿಯಾ ಸೋಂಕಿನಿಂದ ಕೂಸುಗಳು ಕುರುಡಾಗುವುದು ಅವರ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಇನ್ನೊಂದು, 1884ರ ಸೆಪ್ಟೆಂಬರ್ 15. ಹೈಡೆಲ್‌ಬರ್ಗಿನ ನೇತ್ರವೈದ್ಯರ ಸಭೆಯಲ್ಲಿ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆಂದು ತೋರಿಸಲಾಯಿತು. ಕಂಡುಹಿಡಿದವರು ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೋಲರ್. ಸಭೆಗೆ ಹೋಗಲು ಕೈಯಲ್ಲಿ ಕಾಸಿಲ್ಲದೆ ಪ್ರಬಂಧವನ್ನು ಬೇರೆಯವರ ಕೈಯಲ್ಲಿ ಓದಿಸಿದರು. ಅಲ್ಲಿಯವರೆಗೆ ಎಚ್ಚರವಿರುವ ಮನುಷ್ಯನನ್ನು ಹಿಡಿದುಕೊಂಡೇ ಎಷ್ಟೋ ಸಲ ಪೊರೆ ತೆಗೆಯುತ್ತಿದ್ದರು ಎಂಬುದನ್ನು ನೆನೆದರೆ ಆ ಪ್ರಬಂಧದ ತೂಕ ತಿಳಿಯುತ್ತದೆ.

ಮರಗಟ್ಟಿಸುವ ಹನಿಗೆ ಇನ್ನೊಂದು ಮುಖವಿದೆ. ನೋವು ಹೋಯಿತೆಂದು ಅದನ್ನೇ ದಿನವೂ ಹಾಕಿಕೊಂಡರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದ ಗಾಯ ಮಾಯುವುದಿಲ್ಲ, ಕರಗುತ್ತಾ ಹೋಗುತ್ತದೆ. ವೆಲ್ಡಿಂಗ್ ಬೆಳಕಿಗೆ ಕಣ್ಣು ಸುಟ್ಟುಕೊಂಡವರು ಹೀಗೆ ಕಣ್ಣು ಕಳೆದುಕೊಂಡದ್ದುಂಟು. ಕಣ್ಣಿಗೆ ಹಿತವೆನಿಸುವುದೇ ಬೇರೆ, ಕಣ್ಣು ಉಳಿಸುವುದೇ ಬೇರೆ. ಈ ಕ್ಷೇತ್ರದ ಮುಂದಿನ ಚರಿತ್ರೆಯುದ್ದಕ್ಕೂ ಈ ವ್ಯತ್ಯಾಸ ಕಾಣಿಸುತ್ತಲೇ ಇರುತ್ತದೆ.

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಸೋಂಕುಗಳಿಗೆ ಮದ್ದುಗಳು ಬಂದವು. ಮೊದಲು ಸಲ್ಫಾ, ಆಮೇಲೆ ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್. ಕ್ಲೋರಾಂಫೆನಿಕಾಲ್ ಮುಲಾಮಿನ ಪುಟ್ಟ ಆಪ್ಲಿಕ್ಯಾಪನ್ನು ನಮ್ಮ ಹಿಂದಿನ ತಲೆಮಾರು ಮರೆತಿರಲಾರದು: ತುದಿ ಕತ್ತರಿಸಿ, ಕೆಳರೆಪ್ಪೆ ಎಳೆದು ಒಳಗೆ ಹಿಂಡುವುದು, ಆಮೇಲೆ ಹತ್ತು ನಿಮಿಷ ಲೋಕವೆಲ್ಲ ಮಸಕು. ಟ್ರಾಕೋಮಾ ಎಂಬ ರೆಪ್ಪೆಯೊಳಗಿನ ಸೋಂಕು ಉತ್ತರ ಭಾರತದಲ್ಲಿ ಲಕ್ಷಾಂತರ ಜನರ ಕಣ್ಣು ತೆಗೆದಿತ್ತು. ಟೆಟ್ರಾಸೈಕ್ಲಿನ್ ಮುಲಾಮು, ಅಜಿತ್ರೋಮೈಸಿನ್, ಮುಖ ತೊಳೆಯಲು ನೀರು, ರೆಪ್ಪೆಯ ಶಸ್ತ್ರಚಿಕಿತ್ಸೆ ಇವೆಲ್ಲ ಸೇರಿ ಅದನ್ನು ಹಿಮ್ಮೆಟ್ಟಿಸಿದವು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಟ್ರಾಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಘೋಷಿಸಿತು. ವೈರಸ್ಸಿನ ಕಣ್ಣುಹುಣ್ಣಿಗೆ ಮದ್ದು ಬಂದದ್ದೂ 1960ರ ದಶಕದ ಆರಂಭದಲ್ಲೇ: ಹರ್ಬರ್ಟ್ ಕೌಫ್‌ಮನ್ ಹರ್ಪಿಸ್ ಹುಣ್ಣಿಗೆ ಬಳಸಿದ ಐಡಾಕ್ಸ್ಯೂರಿಡಿನ್. ಇಂದು ಆ ಜಾಗದಲ್ಲಿ ಅಸೈಕ್ಲೋವಿರ್ ಮುಲಾಮು ಇದೆ. ಆದರೆ ನಾವು ‘ಮದ್ರಾಸ್ ಐ’ ಎನ್ನುವ, ಊರಿಗೆ ಊರೇ ಕಣ್ಣು ಕೆಂಪಾಗಿಸಿಕೊಳ್ಳುವ ಬೇನೆಯ ವೈರಸ್ಸಿಗೆ ಇಂದಿಗೂ ಔಷಧಿಯಿಲ್ಲ. ಅದು ತಾನಾಗಿಯೇ ಇಳಿಯಬೇಕು. ಆಂಟಿಬಯೋಟಿಕ್ ಹನಿ ಆ ವೈರಸ್ಸನ್ನು ಮುಟ್ಟುವುದೂ ಇಲ್ಲ.

ಇಲ್ಲೇ ಸ್ಟಿರಾಯ್ಡ್ ಹನಿಯ ಪ್ರವೇಶ. ಕಾರ್ಟಿಸೋನ್ 1950ರ ಹೊತ್ತಿಗೆ ಕಣ್ಣಿಗೆ ಬಂದಾಗ ವೈದ್ಯರಿಗೆ ಅದು ಪವಾಡದಂತೆಯೇ ಕಂಡಿತು. ಕಣ್ಣಿನೊಳಗಿನ ಉರಿಯೂತದಿಂದ ಕುರುಡಾಗುತ್ತಿದ್ದವರು ಉಳಿದರು. ಕಾರ್ನಿಯಾ ಕಸಿ, ಪೊರೆಯ ಆಪರೇಷನ್ ಎರಡೂ ಸುರಕ್ಷಿತವಾದವು. ಆಮೇಲಿನ ವರ್ಷಗಳಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ವಾರಗಟ್ಟಲೆ ಹಾಕಿಕೊಂಡರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ಕೆಲವರಿಗೆ ತೀರಾ ಏರುತ್ತದೆ, ಪೊರೆಯೂ ಬೇಗ ಕಟ್ಟುತ್ತದೆ. ಬೇಸಿಗೆ ಬಂತೆಂದರೆ ಕಣ್ಣು ತುರಿಸಿಕೊಳ್ಳುವ ಅಲರ್ಜಿಯ ಮಕ್ಕಳಿಗೆ ಈ ಹನಿ ಮಂತ್ರದಂತೆ ಕೆಲಸ ಮಾಡುತ್ತದೆ. ಹಾಗಾಗಿ ಹಳೆಯ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತರುತ್ತಾರೆ. ಎರಡು ಮೂರು ವರ್ಷ ಕಳೆದ ಮೇಲೆ ಶಾಲೆಯಲ್ಲಿ ಬೋರ್ಡು ಕಾಣುವುದಿಲ್ಲವೆಂದು ಆಸ್ಪತ್ರೆಗೆ ಕರೆತಂದಾಗ ಕಣ್ಣಿನ ನರ ಒಣಗಿರುತ್ತದೆ. ನಮ್ಮಲ್ಲಿ ತಡೆಯಬಹುದಾಗಿದ್ದ ಕುರುಡುತನಗಳಲ್ಲಿ ನನಗೆ ಅತ್ಯಂತ ಸಿಟ್ಟು ತರಿಸುವುದು ಇದು.

ಸ್ಟಿರಾಯ್ಡ್ ಇನ್ನೂ ಬೇಗ ಹಾಳುಮಾಡುವುದು ಶಿಲೀಂಧ್ರದ ಹುಣ್ಣಾದ ಕಣ್ಣನ್ನು. ಭತ್ತ ಬಡಿಯುವಾಗ ಹೊಟ್ಟು ಸಿಡಿದು, ಕಬ್ಬಿನ ಗರಿ ತಾಗಿ ಕಾರ್ನಿಯಾ ಗೀರಿದರೆ ಅಲ್ಲಿ ಬೂಸ್ಟು ಬೆಳೆಯುತ್ತದೆ. ಶೀತ ದೇಶಗಳಲ್ಲಿ ಅಪರೂಪವಾದ ಇದು ದಕ್ಷಿಣ ಭಾರತದಲ್ಲಿ ದಿನನಿತ್ಯದ ಕಾಯಿಲೆ. ಇದಕ್ಕಿರುವ ಮುಖ್ಯ ಔಷಧಿ ನೆಟಮೈಸಿನ್. ದಕ್ಷಿಣ ಆಫ್ರಿಕಾದ ನೆಟಾಲ್ ಪ್ರಾಂತದ ಮಣ್ಣಿನಲ್ಲಿ 1950ರ ದಶಕದಲ್ಲಿ ಸಿಕ್ಕಿದ ಇದನ್ನು ಚೀಸ್ ಗಡ್ಡೆಗೆ ಬೂಸ್ಟು ಹಿಡಿಯದಂತೆ ಸವರಲೂ ಬಳಸುತ್ತಾರೆ. ಬಿಳಿಯ ಸುಣ್ಣದ ನೀರಿನಂತಿರುವ ಇದನ್ನು ಪ್ರತಿ ಸಲ ಬಾಟಲಿ ಕುಲುಕಿ, ಮೊದಮೊದಲು ಗಂಟೆಗೊಮ್ಮೆ ಹಾಕಬೇಕು. ವೊರಿಕೊನಜೋಲ್ ಎಂಬ ಹೊಸ, ದುಬಾರಿ ಔಷಧಿ ಬಂದಾಗ ಅದೇ ಮೇಲಿರಬೇಕೆಂದು ಬಹಳ ಜನ ನಂಬಿದ್ದರು. ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದ ಹೋಲಿಕೆಯ ಅಧ್ಯಯನ 2013ರಲ್ಲಿ ಹೊರಬಂತು. ಗೆದ್ದದ್ದು ಹಳೆಯ ನೆಟಮೈಸಿನ್. ಅಮೆರಿಕದ ಸರ್ಕಾರಿ ಸಂಸ್ಥೆಯ ಹಣದಿಂದ ನಡೆದ ಆ ಅಧ್ಯಯನಕ್ಕೆ ಕಣ್ಣು ಕೊಟ್ಟವರಲ್ಲಿ ಬಹಳ ಮಂದಿ ತಮಿಳುನಾಡಿನ ಹೊಲಗೆಲಸದವರು. ಇಡೀ ಜಗತ್ತಿನ ಚಿಕಿತ್ಸೆ ಅವರ ಮೇಲೆ ನಿರ್ಧಾರವಾಯಿತು. ಅದು ಇಲ್ಲೇ ಆಗಬೇಕಿದ್ದ ಕೆಲಸ, ಇಲ್ಲೇ ಆಯಿತು.

ಈಗ ಗ್ಲಾಕೋಮಾಕ್ಕೆ ಮರಳೋಣ. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಬಸಿಯುತ್ತಲೇ ಇರುತ್ತದೆ. ಬಸಿಯುವ ದಾರಿ ಕಟ್ಟಿದರೆ ಒತ್ತಡ ಏರಿ ನರ ಸಾಯುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡವನ್ನು ಇಳಿಸುವುದೊಂದೇ ಇಂದಿಗೂ ನಮಗೆ ಗೊತ್ತಿರುವ ಚಿಕಿತ್ಸೆ. ಪೈಲೋಕಾರ್ಪಿನ್ ಸುಮಾರು ನೂರು ವರ್ಷ ಈ ಕೆಲಸ ಮಾಡಿತು, ಆದರೆ ಯಾರನ್ನೂ ಖುಷಿಪಡಿಸಲಿಲ್ಲ. ದಿನಕ್ಕೆ ನಾಲ್ಕು ಸಲ ಹಾಕಬೇಕು, ಹುಬ್ಬು ನೋಯುತ್ತದೆ, ಪಾಪೆ ಸೂಜಿಮೊನೆಯಷ್ಟಾಗಿ ಸಂಜೆಯಾದರೆ ದಾರಿ ಕಾಣುವುದಿಲ್ಲ. 1954ರಲ್ಲಿ ಬರ್ನಾರ್ಡ್ ಬೆಕರ್ ಅಸೆಟಜೋಲಮೈಡ್ ಮಾತ್ರೆಯನ್ನು ಗ್ಲಾಕೋಮಾಕ್ಕೆ ತಂದರು. ಒತ್ತಡ ಇಳಿಯಿತು, ಕೈಕಾಲಲ್ಲಿ ಜೋಮು ಹಿಡಿಯಿತು. ರಕ್ತದೊತ್ತಡದ ಔಷಧಿ ಪ್ರೊಪ್ರನಲಾಲ್ ಕಣ್ಣಿನ ಒತ್ತಡವನ್ನೂ ಇಳಿಸುತ್ತದೆಂಬುದು 1967ರಲ್ಲಿ ಗಮನಕ್ಕೆ ಬಂತು. ಆ ಜಾಡಿನಲ್ಲಿ ಹೊರಟದ್ದರ ಫಲ ಟಿಮೋಲಾಲ್. ಅದಕ್ಕೆ 1978ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ದಿನಕ್ಕೆರಡು ಹನಿ, ಪಾಪೆ ಇದ್ದಂತೆಯೇ ಇರುತ್ತದೆ, ಬೆಲೆ ಕಡಿಮೆ. ಆದರೆ ಹನಿ ಮೂಗಿನ ದಾರಿಯಿಂದ ರಕ್ತಕ್ಕಿಳಿದು ಉಬ್ಬಸದವರ ಉಸಿರು ಕಟ್ಟಿಸುತ್ತದೆ, ನಾಡಿ ನಿಧಾನವಾಗಿಸುತ್ತದೆ. ಕಣ್ಣಿನ ಡಾಕ್ಟರು ‘ದಮ್ಮು ಇದೆಯೇ’ ಎಂದು ಕೇಳುವುದು ಅದಕ್ಕೇ.

ಆಮೇಲಿನ ತಿರುವು ತರ್ಕಕ್ಕೆ ವಿರುದ್ಧವಾದದ್ದು. ಪ್ರೊಸ್ಟಾಗ್ಲಾಂಡಿನ್ ಎಂದರೆ ಉರಿಯೂತ ಹುಟ್ಟಿಸುವ ವಸ್ತು ಎಂದೇ ನೇತ್ರತಜ್ಞರು ತಿಳಿದಿದ್ದರು. 1956ರ ದಂಗೆಯ ನಂತರ ಹಂಗೆರಿ ಬಿಟ್ಟು ಅಮೆರಿಕ ಸೇರಿದ್ದ ಲಾಸ್ಲೊ ಬಿಟೊ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅದನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಒತ್ತಡ ಇಳಿಯುತ್ತದೆಂದು ತೋರಿಸಿದರು. ಸ್ವೀಡನ್ನಿನ ಕಂಪನಿಯೊಂದು ಅದನ್ನು ಔಷಧಿಯ ರೂಪಕ್ಕೆ ತಂದು 1996ರಲ್ಲಿ ಲಟಾನೊಪ್ರಾಸ್ಟ್ ಅಮೆರಿಕದ ಮಾರುಕಟ್ಟೆಗೆ ಬಂತು. ರಾತ್ರಿ ಒಂದೇ ಹನಿ, ಒತ್ತಡದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಕೆ. ಕಣ್ಣು ಕೆಂಪಾಗುತ್ತದೆ, ರೆಪ್ಪೆಯ ಚರ್ಮ ಕಪ್ಪಾಗುತ್ತದೆ, ರೆಪ್ಪೆಗೂದಲು ಉದ್ದ ಬೆಳೆಯುತ್ತದೆ. ಇದೇ ಗುಂಪಿನ ಬಿಮಾಟೊಪ್ರಾಸ್ಟನ್ನು 2009ರಿಂದ ರೆಪ್ಪೆಗೂದಲು ಬೆಳೆಸುವ ಸೌಂದರ್ಯ ಸಾಧನವಾಗಿಯೇ ಮಾರುತ್ತಿದ್ದಾರೆ!

ಈ ಹನಿಗಳಿಂದ ಪ್ರಯೋಜನವೇನಾದರೂ ಇದೆಯೇ ಎಂಬ ಅನುಮಾನ ತಜ್ಞರಲ್ಲೂ ಇತ್ತು. ಅದಕ್ಕೆ ಉತ್ತರ 2002ರಲ್ಲಿ ಸಿಕ್ಕಿತು. ಒತ್ತಡ ಹೆಚ್ಚಿದ್ದೂ ನರ ಚೆನ್ನಾಗಿದ್ದ 1,636 ಅಮೆರಿಕನ್ನರಲ್ಲಿ ಅರ್ಧದಷ್ಟು ಜನಕ್ಕೆ ಹನಿ ಹಾಕಿ, ಉಳಿದವರನ್ನು ಸುಮ್ಮನೆ ಗಮನಿಸಿದರು. ಐದು ವರ್ಷದಲ್ಲಿ ಹನಿ ಹಾಕದವರಲ್ಲಿ ಶೇ. 9.5ರಷ್ಟು ಮಂದಿಗೆ, ಹಾಕಿದವರಲ್ಲಿ ಶೇ. 4.4ರಷ್ಟು ಮಂದಿಗೆ ಗ್ಲಾಕೋಮಾ ಬಂತು. ರೋಗಿಗೆ ಮಾತ್ರ ಈ ಲಾಭ ಕಾಣಿಸುವುದಿಲ್ಲ. ಹಾಕಿದರೆ ಉರಿ, ಬಿಟ್ಟರೆ ಆರಾಮ. ಹೋದ ದೃಷ್ಟಿಯಂತೂ ಮರಳದು. ಹೀಗಾಗಿ ಬಾಟಲಿ ಮುಗಿದ ಮೇಲೆ ಮತ್ತೆ ಕೊಳ್ಳದವರೇ ಬಹಳ. ಸ್ಟಿರಾಯ್ಡನ್ನು ಕೇಳದೆ ತಂದು ಹಾಕುತ್ತೇವೆ, ಗ್ಲಾಕೋಮಾದ ಹನಿಯನ್ನು ಹೇಳಿದರೂ ಬಿಡುತ್ತೇವೆ.

ಕಣ್ಣಿನ ಹಿಂಬದಿಯ ಪರದೆ ರೆಟಿನಾದ ಕಾಯಿಲೆಗಳಿಗೆ ಹನಿ ಸಾಲದು. ಔಷಧಿ ಅಷ್ಟು ಹಿಂದಕ್ಕೆ ತಲುಪುವುದಿಲ್ಲ. ಅಲ್ಲಿ ಕೆಟ್ಟ ರಕ್ತನಾಳಗಳು ಬೆಳೆಯುವುದನ್ನು ತಡೆಯುವ ಇಂಜೆಕ್ಷನ್ ಬಂದದ್ದು ಈ ಶತಮಾನದಲ್ಲಿ. ಮಯಾಮಿಯ ಫಿಲಿಪ್ ರೋಸನ್‌ಫೆಲ್ಡ್ 2005ರಲ್ಲಿ ಕರುಳಿನ ಕ್ಯಾನ್ಸರಿನ ಔಷಧಿ ಅವಾಸ್ಟಿನ್ನನ್ನು ಒಂದು ಚೂರು ಕಣ್ಣಿಗೆ ಚುಚ್ಚಿ ನೋಡಿದರು. ಅವಾಸ್ಟಿನ್ನಿನ ಕಂಪನಿಯೇ ಕಣ್ಣಿಗೆಂದು ತಯಾರಿಸಿದ ಲುಸೆಂಟಿಸ್ ಮರುವರ್ಷ ಬಂತು, ಆಗ ಡೋಸಿಗೆ ಸುಮಾರು 2,000 ಡಾಲರ್. ಅವಾಸ್ಟಿನ್ ಬಾಟಲಿಯನ್ನು ಪಾಲು ಮಾಡಿದರೆ ಡೋಸಿಗೆ ಸುಮಾರು 50 ಡಾಲರ್. 2011ರಲ್ಲಿ ಅಮೆರಿಕದ ಸರ್ಕಾರವೇ ಎರಡನ್ನೂ ಹೋಲಿಸಿ ನೋಡಿಸಿತು. ದೃಷ್ಟಿಯ ವಿಷಯದಲ್ಲಿ ಎರಡೂ ಸಮ. 2015ರಲ್ಲಿ ಭಾರತದ ಕಂಪನಿಯೊಂದು ಲುಸೆಂಟಿಸ್‌ನ ಅಗ್ಗದ ಪ್ರತಿರೂಪ ತಂದಿತು. ರೆಟಿನಾ ಕೆಡಿಸುವ ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮಗೆ ಇದು ಸಣ್ಣ ಸುದ್ದಿಯಲ್ಲ.

ಹಳೆಯ ಗಿಡದ ವಿಷಗಳೂ ಮರಳಿ ಬಂದಿವೆ. ಮಕ್ಕಳ ಮೈನಸ್ ನಂಬರ್ ಏರುವುದನ್ನು ತಗ್ಗಿಸಲು ತೀರಾ ತೆಳುವಾದ ಅಟ್ರೋಪಿನ್ ಸಾಕೆಂದು ಸಿಂಗಪುರದವರು 2012ರಲ್ಲಿ ಹೇಳಿದರು. ಹಾಂಗ್‌ಕಾಂಗ್‌ನವರು ಅದರ ಐದರಷ್ಟು ಗಾಢತೆಯೇ ಮೇಲೆಂದರು. 2023ರ ಅಮೆರಿಕದ ಅಧ್ಯಯನವೊಂದರಲ್ಲಿ ಆ ತೆಳು ಹನಿಯಿಂದ ಗುಣವೇ ಕಾಣಲಿಲ್ಲ. ವಾದ ಮುಗಿದಿಲ್ಲ. ಚಾಳೀಸು ಬಂದವರಿಗೆ ಓದುವ ಕನ್ನಡಕದ ಬದಲು ಪೈಲೋಕಾರ್ಪಿನ್ ಹನಿ ಎಂದು 2024ರಲ್ಲಿ ನಮ್ಮಲ್ಲಿ ದೊಡ್ಡ ಪ್ರಚಾರವಾಯಿತು. ಅತಿ ಹೇಳಿಕೆಗಳ ಕಾರಣಕ್ಕೆ ಕೇಂದ್ರದ ಔಷಧ ನಿಯಂತ್ರಕರು ಸೆಪ್ಟೆಂಬರಿನಲ್ಲೇ ಅದರ ಅನುಮತಿ ತಡೆಹಿಡಿದರು. ಇನ್ನು ಕಣ್ಣಿನ ಪೊರೆ ಕರಗಿಸುವ ಹನಿ ಎಂದು ಯಾರಾದರೂ ಮಾರಿದರೆ ನಂಬಬೇಡಿ, ಅಂಥದ್ದು ಇಲ್ಲ. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಪೊರೆ ತೆಗೆದ ಕಾಲದಲ್ಲೂ ಶಸ್ತ್ರಚಿಕಿತ್ಸೆಯೇ ದಾರಿ, ಈಗಲೂ ಅದೇ.

ಬಳಸುವ ರೀತಿಯ ಬಗ್ಗೆ ಒಂದು ಮಾತು. ಕಣ್ಣಿನಲ್ಲಿ ನಿಲ್ಲುವುದು ಒಂದು ಹನಿಗಿಂತಲೂ ಕಡಿಮೆ. ಎರಡು ಬಿಟ್ಟರೆ ಎರಡನೆಯದು ಕೆನ್ನೆಗೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಇನ್ನೊಂದು ಔಷಧಿಗೆ ಐದು ನಿಮಿಷ ಕಾಯಿರಿ. ಬಾಟಲಿ ತೆರೆದು ತಿಂಗಳಾದರೆ ಎಸೆಯಿರಿ. ಪೆಟ್ಟಿಗೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಎಂದೇನಾದರೂ ಇದ್ದರೆ ಅದು ಸ್ಟಿರಾಯ್ಡ್. ಡಾಕ್ಟರು ಹೇಳಿದಷ್ಟು ದಿನಕ್ಕಿಂತ ಒಂದು ದಿನವೂ ಹೆಚ್ಚು ಬೇಡ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದು ನಿಮಗೆ ನಲವತ್ತು ದಾಟಿದ್ದರೆ, ಕನ್ನಡಕದ ನಂಬರ್ ನೋಡಿಸಲು ಹೋದಾಗ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.