ಹೊಂಗೆ ಹೂ ಎಂಬ ಮಾತು

ಅರಕಲಗೂಡಿನ ಗದ್ದೆ ಬಯಲಿನಿಂದ ಚನ್ನರಾಯಪಟ್ಟಣದ ತೆಂಗಿನ ತೋಟದವರೆಗೆ ‘ಹೊಂಗೆ’ ಎಂಬ ಮಾತು ಒಂಟಿಯಾಗಿ ಕಿವಿಗೆ ಬೀಳುವುದು ಕಡಿಮೆ. ಬೆನ್ನಿಗೆ ಇನ್ನೊಂದು ಮಾತು ಇದ್ದೇ ಇರುತ್ತದೆ: ಹೊಂಗೆ ನೆರಳು, ಹೊಂಗೆ ಸೊಪ್ಪು, ಹೊಂಗೆ ಎಣ್ಣೆ, ಹೊಂಗೆ ಹಿಂಡಿ. ದಣಿದು ಬಂದವರಿಗೆ ನೆರಳು, ನಾಟಿಗೆ ಮುಂಚೆ ಕೆಸರಿನಲ್ಲಿ ತುಳಿಯಲು ಸೊಪ್ಪು, ದೀಪಕ್ಕೂ ದನದ ಗಾಯಕ್ಕೂ ಎಣ್ಣೆ, ಗಿಡದ ಬುಡಕ್ಕೆ ಹಿಂಡಿ.

ಪದ ಹಳೆಯದು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಇದರ ಮೊದಲಿನ ಪಕಾರವೂ ಕನ್ನಡದ ನಾಲಗೆಯಲ್ಲಿ ಹಕಾರವಾಯಿತು. ತಮಿಳಿನ ‘ಪುಂಗ’, ಮಲಯಾಳದ ‘ಪೊಂಗಂ’ ಅದನ್ನು ಉಳಿಸಿಕೊಂಡಿವೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕಸ್’ ಗ್ರಂಥದಲ್ಲಿ ಸೇರಿದ ಆ ಮಲಯಾಳ ಹೆಸರೇ ಮುಂದೆ ಸಸ್ಯಶಾಸ್ತ್ರದ ‘ಪೊಂಗಾಮಿಯ’ ಆಯಿತು. ಲೋಕವೆಲ್ಲ ಬಳಸುವ ಆ ಹೆಸರು ನಮ್ಮ ಹೊಂಗೆಯ ಒಡಹುಟ್ಟು.

ಇತ್ತೀಚೆಗೆ ಮಾತಿಗೆ ಇನ್ನೊಂದು ಕೆಲಸ ಸಿಕ್ಕಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆದ ಮೇಲೆ, ಬದುವಿನ ಮರದ ಕೆಳಗೆ ಬಿದ್ದು ಹೋಗುತ್ತಿದ್ದ ಹೊಂಗೆ ಬೀಜಕ್ಕೂ ಡೀಸೆಲ್ಲಿಗೂ ನಂಟು ಬೆಳೆಯಿತು. ಬೀಜದಲ್ಲಿ ಸುಮಾರು ಶೇ 30ರಷ್ಟು ಎಣ್ಣೆಯಿದೆ.

ಇಷ್ಟೆಲ್ಲ ಮಾತುಗಳ ನಡುವೆ ‘ಹೊಂಗೆ ಹೂ’ ಎಂದವರು ಎಷ್ಟು ಜನ? ತುಂಬೆ ಎಂದೊಡನೆ ಶಿವನಿಗೇರಿಸುವ ಹೂ ನೆನಪಾಗುತ್ತದೆ. ಭಾದ್ರಪದದ ಬೇಲಿಯ ಬಳ್ಳಿಗೆ ಗೌರಿ ಹೂವೆಂದೇ ಹೆಸರು. ಹೊಂಗೆಯ ಹೂ ಮುಡಿಗೂ ಇಲ್ಲ, ಪೂಜೆಗೂ ಇಲ್ಲ. ಹಾಗಾಗಿ ಮಾತಿನಲ್ಲೂ ಇಲ್ಲ. ಬೇಂದ್ರೆಯವರು ಮಾತ್ರ ‘ಯುಗಾದಿ’ ಕವಿತೆಯಲ್ಲಿ ಅದಕ್ಕೂ ಅದರ ದುಂಬಿಗೂ ಜಾಗ ಕೊಟ್ಟರು.

ಶಿವರಾತ್ರಿಯ ಸುಮಾರಿಗೆ ಮರ ಎಲೆ ಕಳಚುತ್ತದೆ. ಯುಗಾದಿಗೆ ಎಣ್ಣೆ ಸವರಿದಂಥ ಎಳೆ ಹಸಿರು. ಅದರ ಹಿಂದೆಯೇ ಗೊಂಚಲು ಗೊಂಚಲು ಹೂ, ಬಿಳಿಯಲ್ಲಿ ನಸುನೇರಳೆ ಬೆರೆತದ್ದು. ಒಂದನ್ನು ಅಂಗೈಯಲ್ಲಿಟ್ಟು ನೋಡಿ: ಪುಟ್ಟ ಅವರೆ ಹೂವಿನದೇ ಆಕಾರ. ಹೊಂಗೆ ಅವರೆಯ ಕುಲದ್ದೇ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಮರ. ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಅರಳು ಚೆಲ್ಲಿದಂತಿರುತ್ತದೆ. ಅದನ್ನೇ ಗುಡಿಸಿ ಗಿಡಗಳಿಗೆ ಗೊಬ್ಬರ ಮಾಡುವವರಿದ್ದಾರೆ. ಉಳಿದ ಹೂ ಕಾಯಾಗಿ, ಬಲಿತು, ಬೀಜ ಕೈಗೆ ಬರಲು ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಬಳಸಿದ್ದಕ್ಕೆಲ್ಲ ನಾವು ಮಾತು ಕಟ್ಟಿದೆವು, ನೋಡಬೇಕಾದದ್ದಕ್ಕೆ ಕಟ್ಟಲಿಲ್ಲ. ಎಣ್ಣೆಗೂ ಹಿಂಡಿಗೂ ಮೊದಲು ಇದ್ದದ್ದು ಹೂ. ಬರುವ ಚೈತ್ರ, ವೈಶಾಖದಲ್ಲಿ ಹೊಳೆನರಸೀಪುರದ ಕಡೆ ಹೋದರೆ, ಹೇಮಾವತಿಯ ದಂಡೆಯಲ್ಲಿ ಒಂದು ಹೊಂಗೆಯ ಕೆಳಗೆ ನಿಲ್ಲಿ. ಜೊತೆಗೆ ಮಕ್ಕಳಿದ್ದರೆ ತಲೆಯೆತ್ತಿ ತೋರಿಸಿ, ಬಾಯಿ ತುಂಬ ಹೇಳಿ: ಇದು ಹೊಂಗೆ ಹೂ.