ಸಾಲಿನ ನೆಲೆ: ಶಿಕಾರಿಪುರ–ಸೊರಬ ಶಾಸನಗಳ ಗಣಕಚಿತ್ರಣದಲ್ಲಿ ಲಂಬಸ್ಥಾನದ ಪ್ರಶ್ನೆ

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ (1902) ಮತ್ತು ಎಂಟನೆಯ (1904) ಸಂಪುಟಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳು ಪುಟದ ಮೇಲಿನಿಂದ ಕೆಳಕ್ಕೆ ಓದುವ ಪಾಠಗಳಾಗಿ ದೊರೆಯುತ್ತವೆ. ಪಾಠ ನಿರ್ಣಯಕ್ಕೆ ಅಷ್ಟು ಸಾಕು. ಆದರೆ ಅವೇ ಶಾಸನಗಳನ್ನು ಗ್ರಾಫ್ ತಂತ್ರಾಂಶದ ಕ್ಯಾನ್ವಾಸಿನ ಮೇಲೆ ಮತ್ತೆ ಮೂಡಿಸುವಾಗ ಓದಿನ ಕ್ರಮವನ್ನೇ ಕಲ್ಲಿನ ಮೇಲಿನ ಲಂಬಸ್ಥಾನವೆಂದು ಹಿಡಿದರೆ ಸಾಕ್ಷ್ಯವೇ ಕೆಡುತ್ತದೆ. ಕ್ರಮ ಬೇರೆ, ಸ್ಥಾನ ಬೇರೆ. ಎರಡನ್ನೂ ಪ್ರತ್ಯೇಕವಾಗಿ ದಾಖಲಿಸಬೇಕೆಂಬುದು ಈ ಲೇಖನದ ವಾದ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ (ಶಿಕಾರಿಪುರ 176) ಇದಕ್ಕೆ ಮೊದಲ ಆಧಾರ. ಕದಂಬ ಶಾಂತಿವರ್ಮನ ಕಾಲದ, ಕುಬ್ಜಕವಿ ರಚಿಸಿದ ಈ ಸಂಸ್ಕೃತ ಕಾವ್ಯ ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬದ ಮೇಲಿದೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ಗಿಡ್ಡ ಸಾಲು. ಪ್ರತಿಯೊಂದೂ ಬುಡದಿಂದ ಹೊರಟು ಮೇಲಕ್ಕೆ ಏರುತ್ತದೆ. ಮೂವತ್ತನಾಲ್ಕು ಪದ್ಯಗಳು ಹದಿನೈದು ಸಾಲುಗಳಲ್ಲಿ ಅಡಕವಾಗಿರುವುದರಿಂದ ಸಾಲಿನ ಉದ್ದವನ್ನು ಗೊತ್ತುಮಾಡಿರುವುದು ಪದ್ಯದ ಕೊನೆಯಲ್ಲ, ಕಂಬದ ಎತ್ತರ. ಕಂಬ ಮೇಲೆ ಹೋದಂತೆ ಸಪೂರವಾಗುತ್ತದೆ. ಹಾಗಾಗಿ ಜೋಡಿ ಸಾಲುಗಳ ನಡುವಿನ ಅಂತರ, ಅಕ್ಷರಗಳ ಗಾತ್ರ ತುದಿಯತ್ತ ಕುಗ್ಗಿವೆಯೇ ಎಂಬುದು ರೂವಾರಿಯ ಯೋಜನೆಯನ್ನು ಅರಿಯಲು ಕೇಳಲೇಬೇಕಾದ ಪ್ರಶ್ನೆ. ಹದಿನೈದು ಸಾಲುಗಳನ್ನು ಸಮಾನ ಅಂತರದಲ್ಲಿ ಒಂದರ ಕೆಳಗೊಂದು ಇಟ್ಟ ಚಿತ್ರದಲ್ಲಿ ಆ ಪ್ರಶ್ನೆಗೆ ಎಡೆಯೇ ಇಲ್ಲ.

ಸೊರಬ ಸೀಮೆಯ ವೀರಗಲ್ಲುಗಳು ಇನ್ನೊಂದು ತೊಡಕನ್ನು ಮುಂದಿಡುತ್ತವೆ. ಶಿಲ್ಪದ ಕಥೆ ಕೆಳಗಿನ ಪಟ್ಟಿಕೆಯ ಕಾಳಗದಿಂದ ತೊಡಗಿ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯವನ್ನು ದಾಟಿ, ಮೇಲೆ ಲಿಂಗದ ಸನ್ನಿಧಿಯಲ್ಲಿ ಮುಗಿಯುತ್ತದೆ. ಪಟ್ಟಿಕೆಗಳ ನಡುವಣ ಬರಹವಾದರೋ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಒಂದೇ ಕಲ್ಲಿನಲ್ಲಿ ಎದುರುಬದುರಾದ ಎರಡು ದಿಕ್ಕುಗಳು! ತಂತ್ರಾಂಶಗಳಲ್ಲೂ ಈ ಇಬ್ಬಗೆ ಉಂಟು. ಗಣಿತದ ನಕ್ಷೆಯಲ್ಲಿ ಲಂಬ ಅಕ್ಷದ ಬೆಲೆ ಮೇಲಕ್ಕೆ ಏರಿದರೆ, ಬ್ರೌಸರಿನ ಕ್ಯಾನ್ವಾಸಿನಲ್ಲಿ ಮೂಲಬಿಂದು ಎಡ ಮೇಲ್ತುದಿಯಲ್ಲಿದ್ದು ಬೆಲೆ ಕೆಳಕ್ಕೆ ಬೆಳೆಯುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಒಂದೇ ತಂತ್ರಾಂಶ ಸಾಮಾನ್ಯ ನಕ್ಷೆಯನ್ನು ಕೆಳಗಿನಿಂದ ಅಳೆದರೂ ಬಿಂಬದ ಮೊದಲ ಸಾಲನ್ನು, ಬೇರೆ ಸೂಚನೆ ಇಲ್ಲದಿದ್ದರೆ, ಮೇಲೆ ಇಡುತ್ತದೆ. ಮೂಲಬಿಂದುವನ್ನು ಹೇಳದೆ ಕೊಟ್ಟ ಅಂಕಿಗಳಿಂದ ವೀರಗಲ್ಲಿನ ಕಾಳಗ ಸ್ವರ್ಗದ ಮೇಲೆ ಹೋಗಿ ಕೂರಬಹುದು.

ಛಾಯಾಚಿತ್ರವಿರುವಾಗ ಈ ಅಳತೆಗಳೇಕೆ ಎಂದು ಕೇಳಬಹುದು. ಎಂಟು ಮುಖದ ಕಂಬವನ್ನು ಒಂದು ಛಾಯಾಚಿತ್ರ ಪೂರ್ತಿ ಹಿಡಿಯಲಾರದು. ಹಿಡಿದಷ್ಟರಲ್ಲೂ ಓರೆಯಾದ ಮುಖಗಳ ಅಂತರ ಕುಗ್ಗಿ ಕಾಣುತ್ತದೆ. ಪದ್ಯಗಳ ಕ್ರಮವನ್ನು ಛಂದಸ್ಸು ಮತ್ತು ಅರ್ಥಗಳೇ ತೋರಿಸುತ್ತವೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಅದು ಕಾವ್ಯಪಾಠಕ್ಕೆ ಸಲ್ಲುವ ಮಾತು, ನಿಜ. ಆದರೆ ಕಲ್ಲಿನ ಜಾಗವನ್ನು ರೂವಾರಿ ಹೇಗೆ ಹಂಚಿಕೊಂಡ, ಓದುಗ ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಛಂದಸ್ಸು ಹೇಳದು.

ಆದ್ದರಿಂದ ಶಾಸನಗಳ ಗಣಕೀಕೃತ ಆವೃತ್ತಿಯಲ್ಲಿ ಪ್ರತಿ ಸಾಲಿಗೂ ಓದಿನ ಕ್ರಮಸಂಖ್ಯೆಯ ಜೊತೆಗೆ ಮುಖ, ಬುಡದಿಂದ ಅಳೆದ ಆರಂಭಬಿಂದು, ದಿಕ್ಕು ಮತ್ತು ಪಕ್ಕದ ಸಾಲಿನಿಂದ ಇರುವ ಅಂತರ ದಾಖಲಾಗಬೇಕು; ಮೂಲಬಿಂದು ಯಾವುದೆಂಬುದನ್ನು ಆವೃತ್ತಿಯ ಪೀಠಿಕೆಯಲ್ಲೇ ಘೋಷಿಸಬೇಕು. ಇವಿಲ್ಲದ ಚಿತ್ರವನ್ನು ಪಾಠದ ಅಲಂಕಾರವೆಂದು ಒಪ್ಪಬಹುದೇ ಹೊರತು ಆಕರವೆಂದು ಒಪ್ಪಲಾಗದು.